ಜುಮ್ ಶಾವಿಗಿ

ಕಾದ ಎಣ್ಣೆಗೆ ಬಿದ್ದ ತಿರ್ಫಳದ ವಾಸನೆ ನಿಮಗೆ ಗೊತ್ತೋ ಇಲ್ಲವೋ. ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿದ ಹಾಗೆ ಮೊದಲು ಮೂಗಿಗೆ ಹಿತವಾಗಿ ಬರುತ್ತದೆ, ಅದರ ಹಿಂದೆಯೇ ಹಸಿ ಕಟ್ಟಿಗೆ ಸುಟ್ಟ ಘಾಟು. ಜೊಯಿಡಾ ಕಡೆಯ ಕೊಂಕಣಿ ಮಂದಿ ಬಂಗಡೆ ಸಾರಿಗೆ ಹಾಕುವ, ಮೆಣಸಿನ ಕಾಳಿನಂಥ ಕಾಡುಕಾಯಿ ಅದು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಮೊದಲು ಹೆದರಿಕೆಯಾಗುತ್ತದೆ, ಹಸಿವು ಆಮೇಲೆ. ಕಳೆದ ಮಳೆಗಾಲದ ಕೊನೆಗೆ ಸನವಳ್ಳಿಯಲ್ಲಿ ಗೆಳತಿಯ ಬಸುರಿ ಮಗಳ ಕುಬಸ ಮುಗಿಸಿ, ಮುಂಡಗೋಡದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಸಂತೆಯ ದಿನ. ಗಾಡಿ ಗಾಡಿಯಲ್ಲೂ ಕೆಂಪು ಬಣ್ಣ ಮೆತ್ತಿದ ಗೋಬಿ! ಅದನ್ನು ಚೈನೀಸ್ ಅನ್ನುವವರ ಜೊತೆ ಜಗಳಾಡಿ ಜಗಳಾಡಿ ನನ್ನ ಬಾಯಿ ಸೋತಿದೆ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಆ ವಾಸನೆ ಬಂತು. ಬ್ಯಾಗು ಎತ್ತಿಕೊಂಡು ಅದರ ಹಿಂದೆ ಹೋದೆ.

ತಗಡಿನ ಮಾಡು, ನಾಲ್ಕು ಮೇಜು, ಮೂಲೆಯಲ್ಲಿ ಟಿಬೆಟನ್ ಕ್ಯಾಂಪಿನ ಇಬ್ಬರು ಲಾಮಾಗಳು ಮಾತಿಲ್ಲದೆ ಉಣ್ಣುತ್ತಿದ್ದರು. ನನ್ನ ಮುಂದೆ ತಟ್ಟೆ ಬಂತು. ಕೈಯಿಂದ ಎಳೆದ ದಪ್ಪ ನೂಡಲ್ಸು, ಎಲ್ಲೂ ಒಂದೇ ಸಮ ಇಲ್ಲ. ಮೊದಲ ತುತ್ತಿಗೆ ಬರೀ ಖಾರ. ಎರಡನೆಯದಕ್ಕೆ ನಾಲಿಗೆಯ ತುದಿಯಲ್ಲಿ ಇರುವೆ ಹರಿದಾಡಿದಂತಾಗಿ, ತುಟಿ ನನ್ನದಲ್ಲ ಅನ್ನಿಸಿ, ಜುಮ್! ಈ ರುಚಿಯನ್ನು ನಾನು ಉಂಡದ್ದು ಒಂದೇ ಮನೆಯಲ್ಲಿ. ದಾಂಡೇಲಿಯ ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು, ಬಾಗಿಲು ಬಿದ್ದು ಎಷ್ಟೋ ವರ್ಷವಾದರೂ ಅದರ ಅಡುಗೆಮನೆ ಮಾತ್ರ ಮೂಗಿನೊಳಗೆ ಉಳಿದಿರುವಂಥದು.

ಅದು ರಫೀಕ್ ಚಾಚಾನ ಲಾರಿ ಗ್ಯಾರೇಜಿನ ಹಿಂದಿನ ಮನೆ. ನಮ್ಮಪ್ಪ ಧಾರವಾಡದ ಕಡೆಯವನು, ಆ ಗ್ಯಾರೇಜಿನ ಮಿಸ್ತ್ರಿ. ಅದೇ ಅಂಗಳದ ಇನ್ನೊಂದು ಬದಿಯ ಖೋಲಿಯಲ್ಲಿ ನಾವು ಮೂವರು ಇದ್ದೆವು: ಅಪ್ಪ, ಅವ್ವ, ನಾನು. ಬೆಳಗಾದರೆ ಡೀಸೆಲ್ಲಿನ ವಾಸನೆ, ಗ್ರೀಸಿನ ವಾಸನೆ, ದೂರದಿಂದ ಕಾಗದದ ಗಿರಣಿಯ ಸೈರನ್. ಸಂಜೆಯಾದರೆ ಇವೆಲ್ಲವನ್ನೂ ತಳ್ಳಿಕೊಂಡು ಚಾಚಿಯ ಕಡಾಯಿಯ ವಾಸನೆ ಬರುತ್ತಿತ್ತು. ಚಾಚಿ ಕಲ್ಕತ್ತೆಯ ಚೀನೀ ಮನೆತನದವಳು. ಚಾಚಾ ಲಾರಿ ಹೊಡೆಯುತ್ತಿದ್ದ ಕಾಲದಲ್ಲಿ ಅಲ್ಲಿಂದ ಮದುವೆಯಾಗಿ ಕರೆತಂದಿದ್ದ. ಗ್ಯಾರೇಜಿನ ಮುಂದೆ ಎರಡು ಬೆಂಚು ಹಾಕಿ ಅವಳು ಹೋಟೆಲು ನಡೆಸುತ್ತಿದ್ದಳು. ಅವಳಜ್ಜನ ಊರಿನ ಯಾವುದೋ ಒಂದು ಕಾಳು ಈ ಕಡೆ ಸಿಗುವುದಿಲ್ಲವೆಂದು ಸದಾ ಗೊಣಗಾಟ. ಒಮ್ಮೆ ಜೊಯಿಡಾದ ಹೆಂಗಸೊಬ್ಬಳು ಬುಟ್ಟಿಯಲ್ಲಿ ತಿರ್ಫಳ ಹೊತ್ತು ಬಂದಳು. ಚಾಚಿ ಒಂದು ಕಾಯಿ ಕಚ್ಚಿದವಳೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟಳು. ಅದೇ ಅಲ್ಲವಂತೆ, ಆದರೆ ಅದರ ಅಕ್ಕನೋ ತಂಗಿಯೋ ಇರಬೇಕಂತೆ.

ಆ ಸಂಜೆ ಮೊದಲ ತಟ್ಟೆ ಅಪ್ಪನಿಗೆ. ಉಂಡು ಕಣ್ಣರಳಿಸಿ ಕುಳಿತ ಅವನನ್ನು ಚಾಚಿ ಕೇಳಿದಳು, "ನಾಲಿಗ್ಯಾಗ ಹಿಂಗ ಆಗತೈತಲ್ಲಾ, ಅದಕ್ಕ ನಿಮ್ಮ ಮಾತಿನ್ಯಾಗ ಏನಂತಾರ?"

"ಜುಮ್ ಅಂತೈತ್ರಿ ಭಾಭಿ," ಅಂದ ಅಪ್ಪ. "ಕೈಕಾಲು ಜುಮ್ ಹಿಡೀತೈತಲ್ರೀ, ಹಂಗ."

ಚಾಚಿಗೆ ಆ ಶಬ್ದ ಬಹಳ ಹಿಡಿಸಿತು. ಅಪ್ಪ ನೂಡಲ್ಸಿಗೆ ಚೀನೀ ಶಾವಿಗಿ ಅನ್ನುತ್ತಿದ್ದ. ಎರಡೂ ಸೇರಿಸಿ, ಲಾರಿಗೆ ಹೆಸರು ಬರೆಯುವ ಪೇಂಟರನಿಂದಲೇ ಬೋರ್ಡು ಬರೆಸಿದಳು: ಜುಮ್ ಶಾವಿಗಿ. ಗಿರಣಿಯ ಮಂದಿ ಪಾಳಿ ಬಿಟ್ಟೊಡನೆ ಬರತೊಡಗಿದರು. ಓಣಿಗೆಲ್ಲ ಅದೊಂದು ಹುಡುಗಾಟದ ಮಾತಾಯಿತು. ಗ್ಯಾರೇಜಿನಲ್ಲಿ ಯಾರು ಸುಮ್ಮನೆ ಕುಳಿತರೂ "ಯಾಕಪಾ, ಜುಮ್ ಬಂತೇನು?" ಎಂದು ಕೇಳಿ ಹೋ ಅನ್ನುವರು. ಅವ್ವನೊಬ್ಬಳಿಗೆ ಅದು ಸೇರುತ್ತಿರಲಿಲ್ಲ. "ತಿನ್ನೂದು ನಾಲಿಗಿ ಸಾಯಿಸಬಾರದು, ನನಗ್ಯಾಕೋ ಚಲೋ ಅನಸಂಗಿಲ್ಲ," ಅನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಅಪ್ಪನ ಎಡತೋಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಮಳೆಗಾಲವಿಡೀ ಅಪ್ಪನಿಗೆ ಎಡತೋಳು ನೋಯುತ್ತಿತ್ತು. ಸ್ಪ್ಯಾನರು ಹಿಡಿದು ಹಿಡಿದು ಹೀಗಾಗಿದೆ ಎಂದೇ ಎಲ್ಲರೂ ತಿಳಿದಿದ್ದೆವು.

ಅವತ್ತು ಸಾಲಿ ಬಿಟ್ಟು ಬರುವಾಗ ಮಳೆ ನಿಂತು, ಬಿಸಿಲೂ ಇಲ್ಲದೆ, ಬೆಳಕು ಹಳದಿಯಾಗಿತ್ತು. ಲಾರಿಯ ಅಡಿಯಿಂದ ಅಪ್ಪ ಮೆಲ್ಲಗೆ ತೆವಳಿ ಹೊರಬಂದ. ಹಳೆಯ ಟೈರಿನ ಮೇಲೆ ಕುಳಿತ. ಹಣೆಯ ಮೇಲೆ ಬೆವರು ನಿಂತಿತ್ತು.

"ಭಾಯಿ, ಜುಮ್ ಅನ್ನಾಕತ್ತೈತಿ," ಅಂದ.

ಚಾಚಾ ಮೊದಲು ನಕ್ಕ. "ಎರಡ ಪ್ಲೇಟ್ ಹೊಡದೀಯೇನೋ ಮಿಸ್ತ್ರಿ?" ಉಳಿದವರೂ ನಕ್ಕರು. ಒಬ್ಬ ಓಡಿಹೋಗಿ ಮಜ್ಜಿಗೆ ತಂದ, ಇನ್ನೊಬ್ಬ ನಾಲಿಗೆ ತಂಪಾಗಲೆಂದು ಸಕ್ಕರೆ ತಂದ. ಅಪ್ಪ ತಾನೂ ಸ್ವಲ್ಪ ನಗಲು ನೋಡಿದ. "ಅದಲ್ಲೋ," ಅಂದ. "ಅದಲ್ಲ..." ಮಜ್ಜಿಗೆಯ ಲೋಟ ಅವನ ಎಡಗೈಯಿಂದ ಜಾರಿ ಬಿತ್ತು. ಅವನು ಅದನ್ನು ನೋಡುತ್ತ ಕುಳಿತ, ಆ ಕೈ ಬೇರೆ ಯಾರದೋ ಎಂಬಂತೆ. ಆಗ ನಗು ನಿಂತಿತು. ಜೀಪಿಗೆ ಹಾಕಿಕೊಂಡು ಹೊರಟರು, ಆದರೆ ಆಸ್ಪತ್ರೆ ಮುಟ್ಟುವ ಮೊದಲೇ ಅಪ್ಪ ಹೋಗಿದ್ದ. ಅಯ್ಯೋ ದೇವರೇ, ಆ ಮಜ್ಜಿಗೆ ತರುವಷ್ಟು ಹೊತ್ತಿನಲ್ಲಿ ಜೀಪು ಹೊರಡಬಹುದಿತ್ತಲ್ಲ ಎಂದು ನಾನು ಈಗಲೂ ಕುದಿಯುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ಅವ್ವ ಸೀದಾ ಚಾಚಿಯ ಬಾಗಿಲಿಗೆ ಹೋದಳು. "ನಿನ್ನ ಕೈಯಾಗಿನ ವಿಷಾ ತಿಂದು ಹ್ವಾದ ನನ್ನ ಗಂಡ! ನಿನ್ನ ಒಲಿ ಆರಲಿ!" ಎಂದು ಎದೆ ಬಡಿದುಕೊಂಡಳು. ಹಿಟ್ಟು ಮೆತ್ತಿದ ಕೈಯಲ್ಲಿ ಚಾಚಿ ಹೊಸ್ತಿಲ ಮೇಲೆ ನಿಂತೇ ಇದ್ದಳು. ಒಂದು ಮಾತೂ ಆಡಲಿಲ್ಲ. ಚಾಚಾ ಒಳಗೆ ಕತ್ತಲಲ್ಲಿ ಕುಳಿತಿದ್ದ. ಮಾತಾಡದವಳು ತಪ್ಪಿತಸ್ಥಳೇ ಎಂದು ಓಣಿ ತೀರ್ಮಾನಿಸಿತು. ಬೆಂಚಿನ ಮೇಲೆ ಜಾಗಕ್ಕಾಗಿ ಜಗಳಾಡುತ್ತಿದ್ದವರು ರಸ್ತೆಯ ಆ ಬದಿಯಿಂದ ಹೋಗತೊಡಗಿದರು. ಬೋರ್ಡಿಗೆ ಯಾರೋ ಡಾಂಬರು ಬಳಿದರು. ಒಂದು ಸಂಜೆ ಕಡಾಯಿಯ ವಾಸನೆ ಬರಲಿಲ್ಲ, ನೋಡಿದರೆ ಬೀಗ. ನಾವೂ ಧಾರವಾಡಕ್ಕೆ ಅಜ್ಜಿಯ ಮನೆಗೆ ಹೋದೆವು. ಈಗ ಆ ಅಂಗಳದಲ್ಲಿ ನದಿಯಲ್ಲಿ ರಬ್ಬರ್ ದೋಣಿಯ ಆಟಕ್ಕೆ ಬರುವ ಪ್ರವಾಸಿಗಳ ಕಾರುಗಳು ನಿಲ್ಲುತ್ತವೆ.

ಮುಂಡಗೋಡದ ಆ ಹೋಟೆಲಿನಲ್ಲಿ ಅಡುಗೆಮನೆಗೆ ಒಂದು ಹಳೆಯ ಪರದೆ ಇತ್ತು. ಎದ್ದು ಹೋಗಿ ಸರಿಸಿದೆ. ಒಲೆಯ ಮುಂದೆ ಬೆನ್ನು ಬಾಗಿದ ಮುದುಕಿ. "ಚಾಚಿ, ಜುಮ್ ಬಂತು," ಅಂದೆ. ಸೌಟು ನಿಂತಿತು. ತಿರುಗಿ ನೋಡಿ, ನನ್ನ ಮುಖವನ್ನು ಎರಡೂ ಕೈಯಿಂದ ಹಿಡಿದು, "ಮಿಸ್ತ್ರಿ ಮಗಳು!" ಅಂದಳು. ಚಾಚಾ ತೀರಿಹೋದನಂತೆ. ಕ್ಯಾಂಪಿನವರು ಇಂಥದೇ ಕಾಳು ತಿಂದು ಬೆಳೆದವರು, ನಾಲಿಗೆ ಜುಮ್ ಅಂದರೆ ಹೆದರುವುದಿಲ್ಲ, ಅದಕ್ಕೇ ಇಲ್ಲಿಗೆ ಬಂದೆ ಅಂದಳು. ಆಮೇಲೆ, ನಾನು ಕೇಳದೆಯೇ, ಬೆಂಕಿ ಸಣ್ಣ ಮಾಡಿ ಹೇಳಿದಳು, "ನಿಮ್ಮಪ್ಪ ಅವತ್ತ ನನ್ನ ಕಡೆ ತಿಂದೇ ಇದ್ದಿಲ್ಲ ಬೇಟಿ. ಮಧ್ಯಾಹ್ನ ಬಂದು ಕುಂತ. ಎದಿ ಭಾರ ಆಗೈತಿ ಭಾಭಿ, ಊಟ ಬ್ಯಾಡ ಅಂದ. ಪ್ಲೇಟ್ ಹಂಗ ಹಿಂದಕ್ಕ ಒಯ್ದೆ."

ನನಗೆ ಸಿಟ್ಟು ಬಂತು. "ಮತ್ತ ಅವ್ವ ಅಷ್ಟ ಬೈಯೂ ಮುಂದ ಯಾಕ ಹೇಳಲಿಲ್ರಿ?"

"ಹೇಳಿದ್ರ, ತಿನ್ನದವ ಜುಮ್ ಅಂದಾಗ ಯಾಕ ನಕ್ರಿ ಅಂತ ನಿಮ್ಮವ್ವ ಕೇಳ್ತಿದ್ದಳು. ಮೊದಲ ನಕ್ಕವರು ನಮ್ಮವರು, ನಿಮ್ಮ ಚಾಚಾ. ನನ್ನ ಬೈದ್ರ ನಾ ತಡಕೋತೀನಿ. ಅವರು ತಡಕೊಳ್ಳೋ ಮನುಷ್ಯಾ ಅಲ್ಲ." ಕಡಾಯಿ ಕೆಳಗಿಳಿಸುತ್ತ ಅಂದಳು, "ಆಮ್ಯಾಲ ಒಂದಿನಾನೂ ಬಾಯಿ ಬಿಟ್ಟು ನಗಲಿಲ್ಲ ಅವರು."

ಹೊರಗೆ ಕಂಡಕ್ಟರು ಹುಬ್ಬಳ್ಳಿ, ಹುಬ್ಬಳ್ಳಿ ಎಂದು ಕೂಗುತ್ತಿದ್ದ. ಚಾಚಿ ಅವಸರದಿಂದ ಮತ್ತೊಂದು ಕಡಾಯಿ ಇಟ್ಟು, ಹುರಿದು, ಎಲೆಯಲ್ಲಿ ಕಟ್ಟಿ ನನ್ನ ಕೈಗಿತ್ತಳು. "ನಿಮ್ಮವ್ವಗ ಒಯ್ಯಿ. ತಿರ್ಫಳ ಹಾಕಿಲ್ಲ ಅಂತ ಮೊದಲ ಹೇಳು, ಇಲ್ಲಾಂದ್ರ ಹೆದರತಾಳ." ಅವ್ವ ತೀರಿಕೊಂಡದ್ದು ಅದರ ಹಿಂದಿನ ಬೇಸಿಗೆಯಲ್ಲಿ. ಕೊನೆಯ ತನಕ ದಾಂಡೇಲಿಯ ಹೆಸರೆತ್ತಿದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದವಳು ಪೊಟ್ಟಣವನ್ನು ಬ್ಯಾಗಿನಲ್ಲಿಟ್ಟೆ.

"ಆಗಲಿ ಚಾಚಿ, ಹೇಳ್ತೀನಿ," ಅಂದೆ.

ಮನೆಗೆ ಬಂದು, ಅವ್ವ ಉಣ್ಣುತ್ತಿದ್ದ ತಟ್ಟೆಯಲ್ಲೇ ಅದನ್ನು ಬಿಚ್ಚಿಕೊಂಡು ಕುಳಿತೆ. ಖಾರ ಇತ್ತು, ಹುಳಿ ಇತ್ತು, ಉಪ್ಪು ಹದವಾಗಿತ್ತು. ಕೊನೆಯ ಎಳೆಯ ತನಕ ಕಾದೆ, ಜುಮ್ ಬರಲಿಲ್ಲ.