ಮಾಂಸದಂಗಡಿಯ ಮರ್ವ್‌ಗೆ ವರ್ನಾ ಕೊಟ್ಟ ಬಡ್ತಿ

ಟ್ಯಾಸ್ಮೇನಿಯಾದ ಕ್ವೀನ್ಸ್‌ಟೌನ್‌ನಲ್ಲಿ ವರ್ನಾ ಕ್ವಿಲ್ಟಿಯ ತಂಟೆಗೆ ಹೋಗಲು ಜನ ಹಿಂದೆಮುಂದೆ ನೋಡುತ್ತಿದ್ದರು. ಅವಳೇನು ಬಾಯಿ ಮಾಡುವವಳಲ್ಲ. ಯಾರಾದರೂ ಜಗಳಕ್ಕೆ ಬಂದರೆ "ಆಯ್ತಪ್ಪಾ, ನೀನೇ ಗೆದ್ದೆ" ಎಂದು ನಕ್ಕು ತನ್ನ ಬಟ್ಟೆ ಒಗೆಯುವ ಅಂಗಡಿಗೆ ಬರುವಳು. ಯಂತ್ರಗಳು ಗಡಗಡ ತಿರುಗುತ್ತಿರುವಾಗ ಮೂಲೆಯ ಮೇಜಿಗೆ ಕೂತು ಬೇರೆ ಗ್ರಹಗಳ ಕಥೆ ಬರೆಯುವಳು. ಮುಂದಿನ ಕಾದಂಬರಿಯಲ್ಲಿ ಆ ಮನುಷ್ಯನಿಗೆ ಬಾಲವೋ ಕಿವಿರುಗಳೋ ಮೊಳೆತಿರುತ್ತಿದ್ದವು.

ಗಣಿಯ ಹೊಗೆಗೆ ಬೋಳಾದ ಗುಡ್ಡಗಳ ನಡುವೆ ಹುಟ್ಟಿ ಬೆಳೆದವಳಿಗೆ ಬೇರೆ ಗ್ರಹವನ್ನು ಊಹಿಸುವುದು ಕಷ್ಟವಿರಲಿಲ್ಲ. ಅಲ್ಲಿ ವಾಸಿಸುವವರನ್ನು ಹುಡುಕುವುದೇ ಕಷ್ಟ. ಅದಕ್ಕೆ ಊರವರನ್ನೇ ಎತ್ತಿ ಅಲ್ಲಿಗೆ ಹಾಕುತ್ತಿದ್ದಳು. ಮೊದಮೊದಲು ಸಿಡುಕಿದ ಜನ ಆಮೇಲೆ ಪುಸ್ತಕ ಬಂದೊಡನೆ ತಮ್ಮನ್ನೇ ಹುಡುಕತೊಡಗಿದರು. ಸಿಗದವರು ಮುಖ ಊದಿಸಿಕೊಂಡರು.

ಹೋಬಾರ್ಟ್‌ನ ಒಂದು ಸಣ್ಣ ಕಂಪನಿ ಅವಳ ಕಾದಂಬರಿಯನ್ನು ವಿಡಿಯೊ ಗೇಮ್ ಮಾಡಿತು. ಆಟ ಬಂದ ವಾರದಲ್ಲೇ ಮಾಂಸದಂಗಡಿಯ ಮರ್ವ್ ಟ್ಯಾಂಡಿ ಏಪ್ರನ್ ಸಮೇತ ಅವಳ ಅಂಗಡಿಗೆ ನುಗ್ಗಿದ.

"ಏನ್ ವರ್ನಾ ಇದು? ನನ್ನ ಹೀಗಾ ಮಾಡೋದು?"

"ಯಾಕೆ, ಮೂರು ಗದ್ದ ಹಿಡಿಸ್ಲಿಲ್ವಾ?"

"ಗದ್ದ ಚೆನ್ನಾಗೇ ಇದೆ. ನನ್ ಹೆಂಡ್ತಿ ನೋಡಿದ ತಕ್ಷಣ ಗುರುತು ಹಿಡಿದ್ಳು. ಆದ್ರೆ ಶುರುವಿನಲ್ಲೇ ಸಾಯ್ತೀನಲ್ಲ! ಆಟ ಆಡೋಕೆ ಬರ್ದೇ ಇರೋರೂ ನನ್ನ ಕುಟ್ಟಿ ಮುಂದೆ ಹೋಗ್ತಾರೆ. ಪಬ್ಬಿನ ಡಲ್ಸಿಯನ್ನ ನೋಡು, ಕೊನೇವರೆಗೂ ಬದುಕಿರ್ತಾಳೆ. ನಾನೇನ್ ಪಾಪ ಮಾಡಿದ್ದೆ?"

"ನಂಗೆ ಹಳಸಿದ ಸಾಸೇಜ್ ಕೊಟ್ಟಿದ್ದೆ."

ಮರ್ವ್ ತಲೆ ಕೆರೆದುಕೊಂಡ. "ಅವತ್ತು ಫ್ರಿಜ್ ಕೆಟ್ಟಿತ್ತು ಮಾರಾಯ್ತಿ."

"ಅವತ್ತೇ ಹೇಳಿದ್ರೆ ಒಂದೇ ಗದ್ದದಲ್ಲಿ ಮುಗೀತಿತ್ತು."

ಅಣಕಿಸಿದ್ದಕ್ಕಲ್ಲ, ತನ್ನನ್ನು ಕೈಲಾಗದವನನ್ನಾಗಿ ಮಾಡಿದ್ದಕ್ಕೆ ಅವನು ನೊಂದಿದ್ದ. ಅದನ್ನು ಕಂಡು ವರ್ನಾಳಿಗೆ ನಗುವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಅವನೆದುರೇ ಹೋಬಾರ್ಟ್‌ಗೆ ಫೋನ್ ಮಾಡಿದಳು. "ನೋಡಿ, ನಮ್ಮ ಮರ್ವ್‌ಗೆ ಸ್ವಲ್ಪ ಬಲ ತುಂಬಿ. ಸುಮ್ನೆ ಸಾಯೋ ಆಸಾಮಿ ಅಲ್ಲ ಅವ್ನು." ಆ ಕಡೆಯವರಿಗೂ ಕೊನೆಯ ಹಂತಕ್ಕೊಬ್ಬ ಗಟ್ಟಿ ಎದುರಾಳಿ ಬೇಕಿತ್ತು. ಮರ್ವ್‌ನನ್ನು ಕರೆಸಿ ಅವನ ನಗುವನ್ನೇ ಧ್ವನಿಮುದ್ರಿಸಿಕೊಂಡರು. ಆಟದೊಳಗಿನ ಮರ್ವ್‌ನ ಕೈಗೆ ಸಾಸೇಜಿನ ಚಾವಟಿ ಕೊಟ್ಟರು.

ತಿದ್ದಿದ ಆಟ ಬಂದ ಮೇಲೆ ಅವನನ್ನು ದಾಟಲಾರದೆ ಎಲ್ಲೆಲ್ಲಿಯ ಜನವೋ ಇಂಟರ್‌ನೆಟ್‌ನಲ್ಲಿ ಹಿಡಿಶಾಪ ಹಾಕತೊಡಗಿದರು. ಮರ್ವ್ ಆ ಬೈಗುಳಗಳನ್ನೆಲ್ಲ ಪಬ್ಬಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದ.

"ಅವನ ಹುಟ್ಟು ನಂಗೊತ್ತು, ಸಾವೂ ಗೊತ್ತಿರುತ್ತೆ" ಎಂದು ಒಂದು ಭಾನುವಾರ ವರ್ನಾ ಪಬ್ಬಿನಲ್ಲಿ ತಾನೇ ಆಡಲು ಕೂತಳು. ಮರ್ವ್ ಹಿಂದೆಯೇ ಬಿಯರ್ ಹಿಡಿದು ನಿಂತ.

"ಎಡಕ್ಕೆ ಹೋಗು... ಎಡಕ್ಕೆ ಅಂದ್ನಲ್ಲ! ಹೋಯ್ತು, ಸತ್ತೆ."

ಮತ್ತೆ ಆಡಿದಳು, ಮತ್ತೆ ಸತ್ತಳು. ಪಬ್ಬೆಲ್ಲ ಗೊಳ್ಳೆಂದಿತು. ಮೂರು ಗದ್ದಗಳು ಪರದೆಯ ಮೇಲೆ ಕುಲುಕಿದವು. ಬೆನ್ನ ಹಿಂದೆ ನಿಜವಾದ ಗದ್ದವೂ ಕುಲುಕುತ್ತಿತ್ತು.

"ಸೋತೆ ಅಂತ ಒಪ್ಕೊಂಡ್ರೆ ಬಿಯರ್ ನಾನ್ ಕೊಡಿಸ್ತೀನಿ" ಎಂದ ಮರ್ವ್.

"ಒಪ್ಕೊಳ್ಳೋದಿಲ್ಲ. ಬಿಯರ್ ಮಾತ್ರ ತಗೊಂಡ್ ಬಾ" ಎಂದು ವರ್ನಾ ತೋಳೇರಿಸಿ ಮತ್ತೆ ಆಟ ಶುರು ಮಾಡಿದಳು.