ಬೀಸುಕಲ್ಲು ಬೇಡವೆಂದ ರೇಡಿಯೋ

ಈ ಕತೆಯಲ್ಲಿ ಬೀಸುಕಲ್ಲು, ನನ್ನ ಚಿಗವ್ವ ಮತ್ತು ರೇಡಿಯೋದವರು ತಿಂದ ಎಣ್ಣೆಗಾಯಿ, ಈ ಮೂರಕ್ಕೆ ಮಾತ್ರ ನಾನು ಜಾಮೀನು ನಿಲ್ಲಬಲ್ಲೆ. ಉಳಿದದ್ದರಲ್ಲಿ ನೆನಪೆಷ್ಟು, ಆಮೇಲೆ ನಾನೇ ಹಾಕಿದ ಒಗ್ಗರಣೆಯೆಷ್ಟು ಎಂದು ಹೇಳಲಾರೆ. ದಿನಚರಿ ಬರೆಯುವ ಚಟ ನನಗೆ ಆಗಲೂ ಇತ್ತು. ಎಂಬತ್ತರ ದಶಕದ ಆ ವಹಿ ತೆಗೆದು ನೋಡಿದರೆ ರೇಡಿಯೋದವರು ಬಂದ ದಿನದ ಪುಟದಲ್ಲಿ ಇರುವುದಿಷ್ಟೇ: ‘ಬ್ಯಾಡಗಿಗೆ ಹೋಗಿದ್ದೆ. ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿತ್ತು.’ ಜಾನಪದದಲ್ಲಿ ಎಂ.ಎ. ಓದುತ್ತಿದ್ದವಳ ಕ್ಷೇತ್ರಕಾರ್ಯದ ಟಿಪ್ಪಣಿ ಇದು.

ಚಿಗವ್ವ ಅಂದರೆ ನನ್ನ ಅವ್ವನ ತಂಗಿ ಗಂಗವ್ವ. ಇಬ್ಬರ ತವರೂ ಹೊಸರಿತ್ತಿ. ಅವ್ವನನ್ನು ರಾಣೆಬೆನ್ನೂರಿಗೆ ಕೊಟ್ಟರು, ಚಿಗವ್ವನನ್ನು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಗೆ. ಆ ಮನೆಯಲ್ಲಿ ವಾರಕ್ಕೆ ಮೂರು ದಿನ ಜೋಳದ ನುಚ್ಚು. ಓಣಿಯ ತುದಿಯಲ್ಲೇ ಗಿರಣಿ ಇದ್ದರೂ ಚಿಗವ್ವ ಮನೆಯಲ್ಲೇ ಬೀಸುತ್ತಿದ್ದಳು. ಗಿರಣಿಯ ನುಚ್ಚಿಗೆ ರುಚಿಯಿಲ್ಲ ಎನ್ನುತ್ತಿದ್ದಳು. ಮನೆಯವರು ನಂಬಿದ್ದರು. ನಾನೂ ನಂಬಿದ್ದೆ, ಒಂದು ದಿನ ಅವಳೆದುರು ಕುಳಿತು ಕಲ್ಲಿನ ಗೂಟಕ್ಕೆ ಕೈಕೊಡುವ ತನಕ.

ಬೀಸುತ್ತ ಅವಳು ಹಾಡುತ್ತಿದ್ದದ್ದು ದೇವರ ಪದವಲ್ಲ, ಅತ್ತೆಯ ಪದ. ಅತ್ತೆ ನೀಲವ್ವಜ್ಜಿ ಏಳು ವರ್ಷದಿಂದ ಅವಳನ್ನು ಪಂಚಮಿಗೆ ತವರಿಗೆ ಕಳಿಸಿರಲಿಲ್ಲ. ಒಂದು ವರ್ಷ ಎಮ್ಮೆ ಈಯುವುದಿತ್ತು, ಇನ್ನೊಂದು ವರ್ಷ ಅಜ್ಜಿಗೆ ಮೊಣಕಾಲು ನೋವು, ಮತ್ತೊಂದು ವರ್ಷ ನೆವ ಹೇಳುವುದಕ್ಕೂ ಅಜ್ಜಿಗೆ ಬೇಸರ ಬಂದಿತ್ತು. ಅದನ್ನೆಲ್ಲ ಚಿಗವ್ವ ಮೂರು ಮೂರು ಸಾಲಿಗೆ ಕಟ್ಟಿ ಕಲ್ಲಿಗೆ ಹೇಳುತ್ತಿದ್ದಳು. ಕಲ್ಲಿನ ಸದ್ದಿನಲ್ಲಿ ಮಾತುಗಳು ಅಲ್ಲೇ ಅರೆದುಹೋಗಿ, ಪಡಸಾಲೆಯಲ್ಲಿ ಕುಳಿತ ಅಜ್ಜಿಯ ತನಕ ಬರೀ ರಾಗ ತಲುಪುತ್ತಿತ್ತು. ಅಜ್ಜಿ ಮೆಚ್ಚಿ ತಲೆದೂಗುತ್ತಿದ್ದಳು. ಮನಸ್ತಾಪ ಹೆಚ್ಚಾದ ವಾರ ನುಚ್ಚೂ ಹೆಚ್ಚು. ಪಾಪ ಕಾಕಾ, ತಾಯಿ ಮತ್ತು ಹೆಂಡತಿಯ ಜಗಳವನ್ನೆಲ್ಲ ಮಜ್ಜಿಗೆಯಲ್ಲಿ ಕಲಸಿಕೊಂಡು ಉಣ್ಣುತ್ತಿದ್ದ.

ಇಷ್ಟು ಗೊತ್ತಿದ್ದೂ ನಾನು ರೇಡಿಯೋ ನಿಲಯಕ್ಕೆ ಕಾರ್ಡು ಬರೆದೆ. ಮಣ್ಣಿನ ಹಾಡುಗಳು ಮಣ್ಣುಪಾಲಾಗುವ ಮುನ್ನ ಉಳಿಸಿಕೊಳ್ಳಬೇಕು ಎಂಬಂಥ ವಾಕ್ಯಗಳು ಅದರಲ್ಲಿದ್ದವು. ವಿಶ್ವವಿದ್ಯಾಲಯದಲ್ಲಿ ಇಂಥವು ಬೇಕಾದಷ್ಟು ಸಿಗುತ್ತಿದ್ದವು.

ಇಬ್ಬರು ಬಂದರು. ಒಬ್ಬರು ಮೈಸೂರು ಕಡೆಯ ಅಧಿಕಾರಿ, ಇನ್ನೊಬ್ಬ ಟೇಪಿನ ಪೆಟ್ಟಿಗೆ ಹೊತ್ತ ತಂತ್ರಜ್ಞ. ಬಂದವರು ಮೊದಲು ಉಣ್ಣಬೇಕು, ಅದು ಆ ಮನೆಯ ಕಾಯಿದೆ. ಎಣ್ಣೆಗಾಯಿಯ ಕೆಂಪು ನೋಡಿದ ಅಧಿಕಾರಿ, ಒಂದು ತುತ್ತೂ ಬಾಯಿಗಿಡುವ ಮುಂಚೆ ಎರಡು ಲೋಟ ನೀರು ಕುಡಿದರು. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ಕಾಕಾ ಎಷ್ಟು ಹೇಳಿದರೂ ನಂಬಲಿಲ್ಲ. ನಂಬಿದ ಮೇಲೆ ನಾಲ್ಕು ರೊಟ್ಟಿ ತಿಂದರು. ನೀಲವ್ವಜ್ಜಿ ಇಳಕಲ್ ಸೀರೆ ಉಟ್ಟು ಕುಳಿತಿದ್ದಳು. ರೇಡಿಯೋದಲ್ಲಿ ಸೀರೆ ಕಾಣುವುದಿಲ್ಲ ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಚಿಗವ್ವ ಎರಡು ಸುತ್ತು ಬೀಸಿದ್ದಳೋ ಇಲ್ಲವೋ, ತಂತ್ರಜ್ಞ ಕಿವಿಯಿಂದ ಯಂತ್ರ ತೆಗೆದು ತಲೆ ಅಲ್ಲಾಡಿಸಿದ. ಅಧಿಕಾರಿ ಹೇಳಿದರು: “ಕಲ್ಲು ಬೇಡಮ್ಮ, ಬರೀ ಗಲಾಟೆ. ಸುಮ್ಮನೆ ಹಾಡಿ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಬೇಕು.”

“ಕಲ್ಲ ಇಲ್ದ ನನಗ ಪದ ಬರಂಗಿಲ್ರಿ.”

“ಯಾಕ ಬರಂಗಿಲ್ಲ?” ಎಂದಳು ನೀಲವ್ವಜ್ಜಿ. “ದಿನಾ ಹಾಡ್ತಿಯಲ್ಲ, ಅದನ್ನ ಹಾಡವಾ. ನಾನೂ ಸರಿಯಾಗಿ ಕೇಳ್ತೀನಿ.”

ಖರೇ ಪ್ರೀತಿಯಿಂದಲೇ ಹೇಳಿದ ಮಾತು ಅದು. ಚಿಗವ್ವ ನನ್ನನ್ನು ನೋಡಿದಳು. ನಾನು ವಹಿಯಲ್ಲಿ ಏನೋ ಬರೆಯುತ್ತಿರುವಂತೆ ತಲೆ ತಗ್ಗಿಸಿದೆ. ಉಪ್ಪಿನ ಸಂಗತಿ ಬರೆದದ್ದು ಪ್ರಾಯಶಃ ಆಗಲೇ. ಚಿಗವ್ವ ಕಲ್ಲಿನ ಗೂಟದಿಂದ ಕೈ ತೆಗೆದು ಹಾಡಿದಳು:

ಎಳ್ಳುಂಡಿ ಕಟ್ಟ್ಯಾಳ ತವರೀಗೆ ಕಳಿಸ್ಯಾಳ
ಬೆಳ್ಳಿ ಮನಸೀನ ಅತ್ತೆವ್ವ – ಪಂಚಮಿಗಿ
ಹಳ್ಳದ ತನಕ ಬರತಾಳ

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂಥ ಪ್ರಾಚೀನ ರಚನೆ ಎಂದು ಅಧಿಕಾರಿ ಉದ್ಗರಿಸಿದರು. ಅದಕ್ಕಾಗ ಐದು ನಿಮಿಷದ ವಯಸ್ಸು. ಪಂಚಮಿ ಇನ್ನೇನು ಬಂತು ಎನ್ನುವಾಗ ಅದು ರೇಡಿಯೋದಲ್ಲಿ ಬಂತು, ಶತಮಾನಗಳಿಂದ ಬಾಯಿಂದ ಬಾಯಿಗೆ ಹರಿದುಬಂದದ್ದು ಎಂಬ ಪೀಠಿಕೆಯ ಸಮೇತ. ಮುಂದೆ ಒಂದು ವಿಚಾರ ಸಂಕಿರಣದಲ್ಲಿ ವಿದ್ವಾಂಸರೊಬ್ಬರು ಇದೇ ಮೂರು ಸಾಲನ್ನು ಹಿಡಿದು, ನಮ್ಮ ಅವಿಭಕ್ತ ಕುಟುಂಬಗಳ ಸಾಮರಸ್ಯವನ್ನು ಮುಕ್ಕಾಲು ಗಂಟೆ ಸಾಧಿಸಿ ತೋರಿಸಿದರು. ನಾನು ಮೂರನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ.

ಆದರೆ ವಿದ್ವಾಂಸರು ನಂಬುವ ಮೊದಲೇ ಓಣಿ ನಂಬಿತ್ತು. ರೇಡಿಯೋದಲ್ಲಿ ಪದ ಕೇಳಿದ ಮರುದಿನ ಬೆಳಿಗ್ಗೆಯೇ ಎದುರುಮನೆಯ ಹುಸೇನಬಿ ಕಟ್ಟೆಯ ಮೇಲಿಂದ ವಿಚಾರಿಸಿದಳು: “ನೀಲವ್ವಕ್ಕ, ಉಂಡಿಗೆ ಎಳ್ಳು ತಂದ್ರೇನ? ಇಲ್ಲಂದ್ರ ರೇಡಿಯೋದವ್ರು ಸುಳ್ಳ ಹೇಳಿದಂಗ ಆಗತೈತಿ ನೋಡ್ರಿ.”

ರೇಡಿಯೋದಲ್ಲಿ ಬಂದದ್ದನ್ನು ಸುಳ್ಳು ಮಾಡುವಷ್ಟು ದೊಡ್ಡವಳು ಬ್ಯಾಡಗಿಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಎಳ್ಳು ತರಿಸಿದಳು, ಉಂಡಿ ಕಟ್ಟಿದಳು. ಹಳ್ಳ ದಾರಿಯಲ್ಲಿಲ್ಲದ್ದರಿಂದ ಬಸ್ ಸ್ಟ್ಯಾಂಡಿನ ತನಕ ಬಂದಳು, ಮೊಣಕಾಲು ನೋವಿನ ಸುದ್ದಿ ಎತ್ತದೆ. ಹಾವೇರಿ ಬಸ್ಸು ಹೊರಡುವವರೆಗೂ ನಿಂತು, ಸೊಸೆಗಿಂತ ಹೆಚ್ಚಾಗಿ ಸುತ್ತಲಿನವರನ್ನೇ ನೋಡುತ್ತಿದ್ದಳು. ಅಂತೂ ಎಂಟನೆಯ ವರ್ಷ ಚಿಗವ್ವ ತವರು ಕಂಡಳು. ಆಮೇಲಿನ ಪಂಚಮಿ ಒಂದೂ ತಪ್ಪಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಜಾನಪದಕ್ಕೆ ನನ್ನ ಕೊಡುಗೆಯೆಂದು ಹೇಳಿಕೊಂಡು ತಿರುಗಬಹುದಿತ್ತು. ಆದರೆ ಹಬ್ಬ ಮುಗಿಸಿ ಬಂದ ಚಿಗವ್ವ ಮತ್ತೆ ಬೀಸಲು ಕುಳಿತಾಗ, ನೀಲವ್ವಜ್ಜಿ ಎಲೆಯಡಿಕೆ ತಟ್ಟೆ ಹಿಡಿದು ಪಕ್ಕದಲ್ಲೇ ಬಂದು ಕುಳಿತಳಂತೆ. “ಜೋರ ತಿರುವಬ್ಯಾಡವಾ, ಪದ ಕೇಳಂಗಿಲ್ಲ” ಎಂದಳಂತೆ. ದಿನವೂ ಹಾಗೆಯೇ. ದಸರೆಯ ಹೊತ್ತಿಗೆ ಆ ಮನೆಗೆ ಗಿರಣಿಯ ನುಚ್ಚು ಬಂತು. ರುಚಿಯಲ್ಲಿ ವ್ಯತ್ಯಾಸವೇನೂ ಇಲ್ಲ ಎಂದ ಕಾಕಾ. ಚಿಗವ್ವ ಹಾಡಿದ್ದನ್ನು ಆಮೇಲೆ ನಾನು ಕೇಳಿಲ್ಲ.

ಬೇಕೆಂದೇ ಹಾಡಿದ್ದಾದರೆ ಅವಳು ಜಾಣೆ, ನಾನು ಉಪಕಾರಿ. ಅಂಜಿ ಹಾಡಿದ್ದಾದರೆ, ಅವಳಿಗಿದ್ದ ಒಂದೇ ಒಂದು ಮರೆಯನ್ನು ಕಾರ್ಡು ಬರೆದು ಕಿತ್ತವಳು ನಾನು. ಮೊದಲನೆಯದೇ ಖರೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅದು ನನ್ನ ಪರವಾದ ಸಾಕ್ಷಿ, ಅದನ್ನು ನಂಬುವಂತಿಲ್ಲ. ಹೋದ ತಿಂಗಳು ಚಿಗವ್ವನಿಗೇ ಪತ್ರ ಬರೆದೆ. ಬಂದ ಉತ್ತರದಲ್ಲಿ ಎಲ್ಲರ ಕ್ಷೇಮವಿತ್ತು, ಮೆಣಸಿನಕಾಯಿ ದರವಿತ್ತು, ಮಗನ ಮದುವೆಯ ಮಾತುಕತೆಯಿತ್ತು. ನಾನು ಕೇಳಿದ್ದಕ್ಕೆ ಮಾತ್ರ ಒಂದು ಅಕ್ಷರವೂ ಇರಲಿಲ್ಲ. ನಾನು ಕೇಳಿದ್ದು ಇಷ್ಟೇ: “ಚಿಗವ್ವಾ, ಆವತ್ತ ನೀ ಅತ್ತಿಗೆ ಅಂಜಿ ಹಾಡಿದ್ಯೋ, ಬೇಕಂತ ಹಾಡಿದ್ಯೋ?”