ಕೂಸಿನ ಜ್ವರದ ಸುದ್ದಿ

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಮಗನ ಫೋನಿನೊಳಗೆ ಯಾರೋ ಗುಡುಗುತ್ತಿದ್ದರು: ‘ಈ ಸೂಜಿಯಲ್ಲಿ ಏನಿದೆ? ಸರ್ಕಾರ ಯಾಕೆ ಬಾಯಿ ಬಿಡುತ್ತಿಲ್ಲ?’ ನನ್ನ ಕೈ ನಿಂತಿತು. ಆ ಧಾಟಿ ನನಗೆ ಹೊಸದಲ್ಲ ನೋಡಿ. ಒಂದು ಕಾಲಕ್ಕೆ ಅದು ನನ್ನದೇ ಆಗಿತ್ತು.

ಆಗಿನ್ನೂ ಎಂಬತ್ತರ ದಶಕದ ಶುರು. ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗಗಳಿದ್ದವು. ನೇಯುವವರ ಕೈಕಾಲಿಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಅದಕ್ಕೆ ಮುಂಜಾನೆ ಒಬ್ಬರು ಪೇಪರ್ ಓದಿ ಹೇಳುವುದು ರೂಢಿ. ಮೆಟ್ರಿಕ್ ಪಾಸಾದ ಸೊಸೆ ಎಂದು ಮಾವ ಆ ಕೆಲಸ ನನಗೆ ಒಪ್ಪಿಸಿದ್ದರು. ನಾನೇನು ಕಡಿಮೆಯೇ? ಸ್ಟೂಲು ಹತ್ತಿ ಕೂತು, ಮಗ್ಗದ ಸಪ್ಪಳ ಮೀರಿಸಲು ದನಿ ಏರಿಸಿ, ಹುಬ್ಬು ಹಾರಿಸಿ, ನಾಟಕ ಕಂಪನಿಯವಳ ಹಾಗೆ ಓದುತ್ತಿದ್ದೆ.

ಮಾವ ತರಿಸುತ್ತಿದ್ದುದು ಅವರ ಪಾರ್ಟಿಯ ಪೇಪರು ಒಂದೇ. ಆಚೆ ಪಾರ್ಟಿಯ ಪೇಪರಿನಲ್ಲಿ ಕಟ್ಟಿದ ಚುರುಮುರಿಯನ್ನೂ ಮನೆಯೊಳಗೆ ಬಿಡುತ್ತಿರಲಿಲ್ಲ. ಆ ವರ್ಷ ಮಾವನ ಪೇಪರಿನಲ್ಲಿ ದಿನಾ ಒಂದೇ ರಾಗ: ಕೂಸುಗಳಿಗೆ ಹಾಕುವ ಸೂಜಿ, ಮುಂದೆ ಅವಕ್ಕೆ ಮಕ್ಕಳಾಗದಂತೆ ಮಾಡುವ ಸರ್ಕಾರದ ಸಂಚು. ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ಎಳೆದೊಯ್ದ ದಿನಗಳನ್ನು ಯಾರೂ ಮರೆತಿರಲಿಲ್ಲ. ಮೊದಲ ದಿನ ಓದುವಾಗ ನನಗೆ ನಗು ಬಂತು. ಓದುತ್ತ ಓದುತ್ತ, ತೊಟ್ಟಿಲಲ್ಲಿದ್ದ ನನ್ನ ಮಗನನ್ನು ನೋಡಿದಾಗ ನನಗೇ ಅಳುಕು ಹುಟ್ಟಿತು.

ಒಂದು ದಿನ, ನಮ್ಮಲ್ಲಿ ನೂಲು ಸುತ್ತಲು ಬರುತ್ತಿದ್ದ ಹುಸೇನಬಿ ನನ್ನ ಕೈ ಹಿಡಿದಳು. ‘ನೀ ಓದಿದ್ದಕ್ಕ ಉಳಿದ್ವಿ ನೋಡವಾ. ನರ್ಸಬಾಯಾರನ್ನ ಬಾಗಲದಾಗಿಂದನ ಹೊಳ್ಳಿ ಕಳಿಸೇನಿ.’ ಅವಳ ಸೊಂಟದ ಮೇಲೆ ಮೊಮ್ಮಗಳು. ಆ ಸೂಜಿ ತಡೆಯುವ ನಾಯಿಕೆಮ್ಮೇ ಹಿಂದಿನ ಓಣಿಯಲ್ಲಿ ಆಗಲೇ ಕಾಲಿಟ್ಟು, ಒಂದು ಕೂಸು ಕೆಮ್ಮಿ ಕೆಮ್ಮಿ ತೀರಿಹೋಗಿತ್ತು. ಅಕ್ಷರ ಬಾರದ ಅವಳು ನಂಬಿದ್ದು ನನ್ನ ದನಿಯನ್ನು.

ಮರುದಿನ ಪೇಪರನ್ನು ಮಡಚಿ ಮಾವನ ಮುಂದಿಟ್ಟೆ.

‘ಇವತ್ತ ಓದಂಗಿಲ್ರಿ. ಕೂಸಿಗೆ ಸೂಜಿ ಹಾಕಿಸಾಕ ದವಾಖಾನಿಗೆ ಹೊಂಟೇನಿ. ಏನಾಗ್ತೈತೋ ಅದನ್ನ ನಾಳಿಯಿಂದ ಇಲ್ಲೇ ಕುಂತು ಹೇಳ್ತೇನಿ.’

‘ಪೇಪರಿನವರಗಿಂತ ನೀ ಶ್ಯಾಣ್ಯಾಕಿ ಏನು?’

‘ಅಲ್ರಿ ಮಾವಾರ. ಆದ್ರ ಕೂಸು ನಂದೈತಿ.’

ಹೇಳಿದಂತೆಯೇ ಮಾಡಿದೆ. ಅದೇ ಸ್ಟೂಲು, ಅದೇ ಏರುದನಿ: ‘ಕೂಸಿಗೆ ಜ್ವರ ಬಂದಾವು. ತೊಡಿ ಬಾತೈತಿ.’

‘ನಾ ಹೇಳಿದ್ದಿಲ್ಲೇನು?’ ಎಂದು ಮಾವ ಮಗ್ಗದವರ ಕಡೆ ತಿರುಗಿದರು. ಜ್ವರ ಬಂದದ್ದನ್ನು ಮುಚ್ಚಿಡಬಹುದಿತ್ತು. ಆದರೆ ಆಮೇಲೆ ನಾನು ಹೇಳುವ ಸುದ್ದಿಯನ್ನು ಯಾರು ನಂಬುತ್ತಿದ್ದರು? ಆ ಇಡೀ ದಿನ ಎಷ್ಟು ಹೆದರಿದ್ದೆನೆಂದು ಕೇಳಬೇಡಿ. ಆ ಗಾಬರಿಯಲ್ಲಿ ರೊಟ್ಟಿಯನ್ನೂ ಸುಟ್ಟೆ.

ಮಾರನೆಯ ಮುಂಜಾನೆ ಮತ್ತೆ ಸ್ಟೂಲು ಹತ್ತಿದೆ. ‘ಜ್ವರ ಬಿಟ್ಟಾವು. ಹಾಲು ಕುಡದೈತಿ.’

ಮಗ್ಗಗಳು ನಿಂತವು. ಹುಸೇನಬಿ ಎದ್ದು ಬಂದು, ತೊಟ್ಟಿಲೊಳಗೆ ಕೈ ಹಾಕಿ ಕೂಸಿನ ಹಣೆ ಮುಟ್ಟಿ ನೋಡಿದಳು. ‘ನರ್ಸಬಾಯಾರು ಮತ್ತ ಯಾವಾಗ ಬರ್ತಾರವಾ?’

ಮಾವ ಮಾತ್ರ ಕೊನೆಯತನಕ ಒಪ್ಪಲಿಲ್ಲ.

ಆ ಕೂಸೇ ಈಗ ಪಡಸಾಲೆಯಲ್ಲಿ ಫೋನು ಹಿಡಿದು ಕೂತಿದ್ದಾನೆ, ಮೀಸೆ ನರೆತಿದೆ. ತಡವಾಗಿ ಹುಟ್ಟಿದ ಮಗಳಿಗೆ ಇವತ್ತು ಸೂಜಿ ಹಾಕಿಸಬೇಕು. ಸೊಸೆ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ.

‘ಅವ್ವಾ, ಸೂಜಿ ಬ್ಯಾಡ. ನಮ್ಮ ಗ್ರೂಪಿನ್ಯಾಗ ಎಲ್ಲಾರೂ ಅದನ್ನ ಹೇಳಾಕತ್ತಾರ.’

ಆ ಸ್ಟೂಲಿನ ಕೆಲಸ ಎಂದೋ ಮುಗಿಯಿತೆಂದುಕೊಂಡಿದ್ದೆ. ಕೈಯ ಹಿಟ್ಟು ತೊಳೆದು ಮೊಮ್ಮಗಳನ್ನು ಎತ್ತಿಕೊಂಡೆ.

‘ನಡಿ ದವಾಖಾನಿಗೆ. ಫೋನು ತಗೊಂಡ ಬಾ. ಜ್ವರ ಬಂದ್ರ ನಿಮ್ಮ ಗ್ರೂಪಿಗೆ ಹೇಳು. ಬಿಟ್ಟ ಮ್ಯಾಲೂ ಹೇಳು.’